ದೋಣಿ ತುಂಬಿಸುವ ನಾಡು

ರಾಣೆಬೆನ್ನೂರನ್ನು ಬಿಟ್ಟು ದೇವರಗುಡ್ಡದ ಹಾದಿ ಹಿಡಿದವರಿಗೆ, ಅದರಲ್ಲೂ ಮಹಾನವಮಿಯ ದಿನಗಳಲ್ಲಿ, ಊರು ಕಾಣುವ ಮೊದಲೇ ಅದರ ಬಣ್ಣ ಕಾಣುತ್ತದೆ. ದಾರಿಹೋಕರ ಹಣೆ, ಎತ್ತುಗಳ ಕೊಂಬು, ಟ್ರ್ಯಾಕ್ಟರಿನ ಮುಂಭಾಗ, ಗುಡಿಯ ಮೆಟ್ಟಿಲು, ಎಲ್ಲವೂ ಭಂಡಾರದ ಅರಿಶಿನದಲ್ಲಿ ಮಿಂದಂತೆ ಇರುತ್ತವೆ. ‘ಏಳು ಕೋಟಿಗೆ ಏಳು ಕೋಟಿಗೋ’ ಎಂಬ ಘೋಷವು ಗುಡ್ಡದ ಮೇಲಿನಿಂದ ಅಲೆಯಲೆಯಾಗಿ ಇಳಿದು ಬರುತ್ತದೆ. ಆ ಘೋಷದ ನಡುವೆ ಹೊಸಬರನ್ನು ಬೆಚ್ಚಿಬೀಳಿಸುವ ಇನ್ನೊಂದು ದನಿಯೂ ಉಂಟು. ಅದು ನಾಯಿಯ ಬೊಗಳು. ಆದರೆ ಬೊಗಳುತ್ತಿರುವವರು ಮನುಷ್ಯರು.

ಇವರು ವಗ್ಗಯ್ಯಗಳು, ಗೊರವಪ್ಪಗಳು. ಇಲ್ಲಿ ಮಾಲತೇಶನೆಂದು ಪೂಜೆಗೊಳ್ಳುವ ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ತಾವೇ ಕರೆದುಕೊಂಡವರು. ಮಣಿ ಮಲ್ಲರೆಂಬ ಅಸುರರನ್ನು ಕೊಲ್ಲಲು ಶಿವನು ಏಳು ಕೋಟಿ ಪರಿವಾರದೊಡನೆ ಇಳಿದು ಬಂದಾಗ ನಾಯಿಗಳೂ ಅವನ ಬೆನ್ನ ಹಿಂದೆ ಬಂದವೆಂಬುದು ಇವರ ನಂಬಿಕೆ. ಮೈಮೇಲೆ ಕರಿಯ ಕಂಬಳಿ, ಕೈಯಲ್ಲಿ ಡಮರು, ಹೆಗಲಿಗೆ ಭಂಡಾರದ ಚೀಲ, ಜೊತೆಗೆ ಒಂದು ಮರದ ದೋಣಿ. ಈ ದೋಣಿಯು ನೀರಿನಲ್ಲಿ ತೇಲುವುದಲ್ಲ, ಉಣ್ಣುವ ಪಾತ್ರೆ. ಹರಕೆ ಹೊತ್ತ ಮನೆಯವರು ದೋಣಿಗೆ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಹಾಕಿ ತುಂಬಿಸುತ್ತಾರೆ. ವಗ್ಗಯ್ಯಗಳು ನೆಲಕ್ಕೆ ಕೈಯೂರಿ, ಒಬ್ಬರನ್ನೊಬ್ಬರು ಗುರುಗುಟ್ಟಿ, ಬಾಯಿ ಹಾಕಿ ಉಣ್ಣುತ್ತಾರೆ. ನೋಡಿ ನಗುವ ಪಟ್ಟಣಿಗರಿಲ್ಲದಿಲ್ಲ. ನಗುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಈ ಸೇವೆಗೆ ‘ದೋಣಿ ತುಂಬಿಸುವುದು’ ಎಂದು ಹೆಸರು, ಉಣ್ಣುವುದೆಂದಲ್ಲ. ಉಣ್ಣುವ ಕೆಲಸ ನಾಯಿಯದು, ತುಂಬಿಸುವ ಹೊಣೆ ಮನೆಯವನದು. ಅರೆ ತುಂಬಿಸಿ ಎದ್ದುಹೋಗುವವನು ಹರಕೆ ತೀರಿಸಿದಂತಾಗುವುದಿಲ್ಲ.

ನಾಯಿಯ ಹೆಸರಿನಲ್ಲಿ ಮನುಷ್ಯನ ಮೇಲೆ ಹೊಣೆ ಹೊರಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಮಂಡ್ಯ ಸೀಮೆಯ ಆತಕೂರಿನ ಶಾಸನವನ್ನು ಬಲ್ಲ ವಾಚಕರಿಗೆ ಕಾಳಿಯೆಂಬ ಬೇಟೆನಾಯಿಯ ಕಥೆ ಗೊತ್ತೇ ಇದೆ. ಸುಮಾರು 949–50ರ ಮಾತು. ತಕ್ಕೋಲದ ಕಾಳಗದಲ್ಲಿ ಚೋಳರಾಜ ರಾಜಾದಿತ್ಯನು ಮಡಿದ ಮೇಲೆ, ಗಂಗರ ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಹೊನ್ನು ಬೇಡಲಿಲ್ಲ, ಕಾಳಿಯನ್ನು ಬೇಡಿದನು. ಆ ನಾಯಿಯು ಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಕಾಳಿಗಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವೆಂದು ಶಾಸನವು ಕಟ್ಟಳೆ ಹಾಕಿತು. ಶಾಸನದ ಗೊರವನು ಶೈವ ಅರ್ಚಕ, ದೇವರಗುಡ್ಡದ ಗೊರವನು ಮೈಲಾರನ ಭಕ್ತ. ಇಬ್ಬರೂ ಒಂದೇ ಎನ್ನುವಂತಿಲ್ಲ. ಆದರೂ ನಾಯಿಗೆ ಸಲ್ಲಿಸದೆ ತಾನು ಉಣ್ಣಬಾರದೆಂಬ ಕಟ್ಟಳೆಯಲ್ಲಿ ಇಬ್ಬರಿಗೂ ಎಂಥದೋ ನಂಟು ಇದ್ದಂತೆ ತೋರುತ್ತದೆ.

ಗುಡ್ಡವನ್ನಿಳಿದರೆ ನಿಜವಾದ ನಾಯಿಗಳ ಸೀಮೆ.

ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರ ಹಿಂಡುಗಳು ಬೀಡುಬಿಡುತ್ತವೆ. ಕುರಿ ತರುಬಿದ ಹೊಲಕ್ಕೆ ಬೇರೆ ಗೊಬ್ಬರ ಬೇಡವೆಂದು ರೈತರು ಕುರಿಗಾಹಿಯನ್ನು ಕರೆದು ಕಾಳುಕಡಿಯೋ ಹಣವೋ ಕೊಟ್ಟು ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಬಲೆಯ ಆವರಣದೊಳಗೆ ಕುರಿ, ಹೊರಗೆ ಕಂಬಳಿ ಹೊದ್ದ ಕುರಿಗಾಹಿ, ಅವನಿಗಿಂತಲೂ ಹೊರಗೆ ನಾಯಿ. ಈ ಕ್ರಮ ಎಂದೂ ತಪ್ಪುವುದಿಲ್ಲ. ನಾಯಿಗೆ ಬೆಲೆ ಕಟ್ಟುವ ಜಾತಿಯಿಲ್ಲ, ವಂಶಾವಳಿಯಿಲ್ಲ. ಮುಧೋಳದ ನೀಳ ಕಾಲಿನ ಬೇಟೆನಾಯಿಗೆ 2005ರಲ್ಲಿ ಅಂಚೆ ಚೀಟಿಯ ಮರ್ಯಾದೆ ಸಿಕ್ಕಿತು, ಮುಂದೆ ಸೈನ್ಯಕ್ಕೂ ಕರೆ ಬಂದಿತು. ಹಟ್ಟಿಯ ನಾಯಿಗೆ ಸಿಗುವುದು ಜೋಳದ ನುಚ್ಚು, ಒಣಗಿದ ರೊಟ್ಟಿಯ ತುಂಡು, ಒಮ್ಮೊಮ್ಮೆ ಮಜ್ಜಿಗೆ. ಆದರೆ ಅದು ತನ್ನ ಪಾಲು ಪಡೆಯುವುದು ಕುರಿಗಾಹಿ ಉಣ್ಣುವ ಹೊತ್ತಿನಲ್ಲೇ, ಅವನು ಉಣ್ಣುವ ಅದೇ ರೊಟ್ಟಿಯಿಂದಲೇ. ಬಡತನದಲ್ಲಿಯೂ ಸಮಪಾಲು ಎಂಬುದು ಪಟ್ಟಣದ ಬಂಗಲೆಗಳಲ್ಲಿ ಎಷ್ಟೋ ಕಡೆ ಕಾಣದ ಸಂಗತಿ.

ಇಲ್ಲಿ ನಾಯಿ ಬೇಕೇಬೇಕೆಂಬುದಕ್ಕೆ ಕಾರಣ ಹತ್ತಿರದಲ್ಲೇ ಇದೆ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಏರ್ಪಟ್ಟ ರಾಣೆಬೆನ್ನೂರು ವನ್ಯಧಾಮವು ಸುಮಾರು 119 ಚದರ ಕಿಲೋಮೀಟರು ಹರಡಿದೆ. ಹುಲ್ಲುಗಾವಲು, ಕುರುಚಲು, ನಡುನಡುವೆ ನೆಟ್ಟು ಬೆಳೆಸಿದ ನೀಲಗಿರಿ ತೋಪು. ಜಿಂಕೆಯ ಜಾಡು ಹಿಡಿದು ಬದುಕುವ ತೋಳಕ್ಕೆ ಕುರಿಯೇನು ಬೇಡವಾದ ತುತ್ತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತೋಳವನ್ನು ಕೊಲ್ಲುವುದನ್ನು ನಿಷೇಧಿಸಿದೆ; ಹಾಗಾಗಿ ಹಿಂಡಿಗೂ ತೋಳಕ್ಕೂ ನಡುವೆ ನಿಂತು, ಇಬ್ಬರನ್ನೂ ಉಳಿಸಬಲ್ಲ ಬೇಲಿಯೆಂದರೆ ನಾಯಿಯೊಂದೇ. ಅದು ತೋಳವನ್ನು ಕೊಲ್ಲುವುದು ಅಪರೂಪ. ಎಚ್ಚರಿಸುತ್ತದೆ, ತಡೆದು ನಿಲ್ಲಿಸುತ್ತದೆ, ಅಷ್ಟರಲ್ಲಿ ಮನುಷ್ಯನೆದ್ದು ಕೂಗು ಹಾಕುತ್ತಾನೆ.

ಆದರೆ ಇದೇ ನಾಯಿಯು ಹಿಂಡು ಬಿಟ್ಟು, ಒಡೆಯನ ಕಣ್ಣು ತಪ್ಪಿಸಿ ವನ್ಯಧಾಮದ ಹುಲ್ಲಿಗಿಳಿದರೆ ತಾನೇ ತೋಳವಾಗುತ್ತದೆ. ಅಡ್ಡಾಡಿ ನಾಯಿಗಳ ಗುಂಪು ಕೃಷ್ಣಮೃಗದ ಮರಿಯನ್ನು ಅಟ್ಟಿಸಿಕೊಂಡು ಹೋಗಿ ಕೆಡವಬಲ್ಲುದು. ಡಿಸ್ಟೆಂಪರ್, ರೇಬೀಸ್ ಮೊದಲಾದ ನಾಯಿಯ ರೋಗಗಳು ತೋಳಕ್ಕೂ ನರಿಗೂ ಅಂಟಬಲ್ಲವು. ಕಾವಲಿನ ನಾಯಿಗೂ ಬೀಡಾಡಿ ನಾಯಿಗೂ ಇರುವ ಅಂತರ ನಾಯಿಯ ಗುಣದಲ್ಲಿಲ್ಲ. ಸಂಜೆ ಅದನ್ನು ಹೆಸರು ಹಿಡಿದು ಕರೆಯುವವರು ಇದ್ದಾರೆಯೋ ಇಲ್ಲವೋ ಎಂಬುದರಲ್ಲಿದೆ.

ಕುರಿಯ ಸೀಮೆಗೆ ವಿಶೇಷವಾಗಿ ಹೇಳತಕ್ಕ ಮತ್ತೊಂದು ಮಾತುಂಟು. ಹಿಂಡಿನಲ್ಲಿ ಒಮ್ಮೊಮ್ಮೆ ಕುರಿಯೊಂದು ಇದ್ದಕ್ಕಿದ್ದಂತೆ ತಲೆಯನ್ನು ವಾಲಿಸಿ, ಒಂದೇ ದಿಕ್ಕಿಗೆ ಗಿರಗಿರನೆ ಸುತ್ತತೊಡಗುತ್ತದೆ. ಕೆಲವು ದಿನಗಳಲ್ಲಿ ಮೇವು ಬಿಟ್ಟು ಸಾಯುತ್ತದೆ. ದೆವ್ವ ಬಡಿಯಿತೆಂದು ಹೇಳುವವರುಂಟು. ಬಡಿದದ್ದು ಲಾಡಿಹುಳು. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುತ್ತಾರೆ. ಮಿದುಳಿನಲ್ಲಿದ್ದ ನೀರ್ಗುಳ್ಳೆಯು ನಾಯಿಯ ಕರುಳಿನಲ್ಲಿ ಹುಳುವಾಗಿ ಬೆಳೆಯುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದೊಡನೆ ಹುಲ್ಲಿಗೆ ಬೀಳುತ್ತದೆ. ಹುಲ್ಲನ್ನು ಮತ್ತೊಂದು ಕುರಿ ಮೇಯುತ್ತದೆ. ಇದರ ದಾಯಾದಿಯಾದ ಇನ್ನೊಂದು ಹುಳು ಇನ್ನೂ ಕೆಟ್ಟದ್ದು. ಅದರ ಮೊಟ್ಟೆಯು ಕೈಗೆ, ಕೈಯಿಂದ ಬಾಯಿಗೆ ಸೇರಿದರೆ ಮನುಷ್ಯನ ಯಕೃತ್ತಿನಲ್ಲೋ ಪುಪ್ಪುಸದಲ್ಲೋ ಗುಳ್ಳೆ ಕಟ್ಟಿ, ವರುಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಕ್ರಿಯೆಗೆ ಎಳೆಯುತ್ತದೆ. ತಡೆಯುವ ಉಪಾಯ ಅಗ್ಗದ್ದು: ಹಸಿ ಕರುಳು, ಪುಪ್ಪುಸ, ತಲೆಗಳನ್ನು ನಾಯಿಗೆ ಎಸೆಯದಿರುವುದು, ಸತ್ತ ಕುರಿಯನ್ನು ಹೂಳುವುದು, ಸುಮಾರು ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತುಹುಳದ ಮಾತ್ರೆ ಕೊಡುವುದು. ಕುರಿಗೆ ತಪ್ಪದೆ ಔಷಧಿ ಕುಡಿಸುವ ಹಟ್ಟಿಯಲ್ಲೂ ನಾಯಿಯನ್ನು ಮರೆಯುವುದುಂಟು. ಹಾಗೆ ಮಾಡಿದರೆ ಕುರಿಗೆ ಕೊಟ್ಟ ಔಷಧಿಯ ಅರ್ಧ ನೀರಿನಲ್ಲಿ ಹೋಮ ಮಾಡಿದಂತೆಯೇ.

ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ ಮೋಟೆಬೆನ್ನೂರಿನ ಬಳಿ ಒಳಕ್ಕೆ ತಿರುಗಿದರೆ ಬ್ಯಾಡಗಿ. ಇಲ್ಲಿ ಹಳದಿಯ ಬದಲು ಕೆಂಪು. ಪೇಟೆಯ ದಿನಗಳಲ್ಲಿ ಮೆಣಸಿನಕಾಯಿಯ ಚೀಲಗಳು ಲಾರಿ ಲಾರಿಯಾಗಿ ಬಂದು ಇಳಿಯುತ್ತವೆ. ಸುಕ್ಕುಗಟ್ಟಿದ ಕಡ್ಡಿ, ಗುಂಡಗಿನ ಡಬ್ಬಿ. ಬ್ಯಾಡಗಿಯ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚೆಂಬ ಕೀರ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಖಾರ ಕಡಿಮೆಯೆಂದರೂ ಗಾಳಿಯಲ್ಲಿ ಘಾಟಿಲ್ಲದಿಲ್ಲ. ಅಪರಿಚಿತರು ಎರಡು ಓಣಿ ದಾಟುವಷ್ಟರಲ್ಲಿ ಸೀನುತ್ತಾರೆ.

ನಾಯಿಯ ಮಾತಿನ ನಡುವೆ ಮೆಣಸಿನಕಾಯಿ ಏಕೆ ಬಂದಿತೆಂದು ವಾಚಕರು ಕೇಳಬಹುದು. ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ ತುಂಬುವುದು ನಮ್ಮ ಹಳ್ಳಿಗಳ ಹಳೆಯ ಮದ್ದು. ಖಾರದ ಪುಡಿಯಿಲ್ಲದಿದ್ದರೆ ಸುಣ್ಣ, ಸುಣ್ಣವಿಲ್ಲದಿದ್ದರೆ ಅರಿಶಿನ. ಉರಿದರೆ ವಿಷ ಇಳಿಯಿತೆಂದು ಲೆಕ್ಕ. ಅಡಿಗೆಮನೆಯ ರಾಣಿಯಾದ ಬ್ಯಾಡಗಿಯ ಕಾಯಿಯೂ ದೇವರಗುಡ್ಡದ ಪವಿತ್ರವಾದ ಭಂಡಾರವೂ ತಮ್ಮ ತಮ್ಮ ಸ್ಥಾನದಲ್ಲಿ ದೊಡ್ಡವು; ಗಾಯ ಅವುಗಳ ಸ್ಥಾನವಲ್ಲ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ರೇಬೀಸ್ ವಿಷಾಣುವು ಗಾಯದ ಬಳಿಯ ನರವನ್ನು ಹಿಡಿದು ಮಿದುಳಿನತ್ತ ತೆವಳುತ್ತದೆ. ಖಾರವು ಗಾಯವನ್ನು ಕೆರಳಿಸುತ್ತದೆಯೇ ಹೊರತು ವಿಷಾಣುವನ್ನು ಕೊಲ್ಲುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮದ್ದಾಯಿತೆಂಬ ಸಮಾಧಾನ ಕೊಟ್ಟು ಆಸ್ಪತ್ರೆಯ ದಾರಿ ಮರೆಸುತ್ತದೆ.

ಕೊಲ್ಲಬಲ್ಲದ್ದು ಮನೆಮನೆಯಲ್ಲಿರುವ ಸೋಪು. ಹರಿಯುವ ನೀರಿನ ಕೆಳಗೆ ಗಾಯವನ್ನು ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷವೆಂದರೆ ಸಣ್ಣ ಹೊತ್ತಲ್ಲ. ಅಳುವ ಮಗುವಿನ ಕಾಲನ್ನು ಹಿಡಿದು ಕುಳಿತ ತಾಯಿಗೆ ಅದೊಂದು ಯುಗ. ಆದರೂ ತೊಳೆಯಬೇಕು. ಅನಂತರ ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಹೊಟ್ಟೆಗೆ ಹದಿನಾಲ್ಕು ಸೂಜಿಯೆಂದು ಮಕ್ಕಳನ್ನು ಹೆದರಿಸುತ್ತಿದ್ದ ಕಾಲ ಮುಗಿದಿದೆ. ಆ ಹಳೆಯ ಲಸಿಕೆಯನ್ನು ದೇಶವು ಈ ಶತಮಾನದ ಮೊದಲ ದಶಕದಲ್ಲೇ ಕೈಬಿಟ್ಟಿತು. ಈಗಿನದು ತೋಳಿಗೆ ಚುಚ್ಚುವ ನಾಲ್ಕೈದು ಸರದಿಯ ಲಸಿಕೆ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಎರಡು ಸರದಿ ಹಾಕಿಸಿಕೊಂಡು, ಗಾಯ ಮಾಯಿತೆಂದು ಕೂಲಿಗೆ ಹೋಗಿಬಿಡುವುದು ಸಾಮಾನ್ಯ. ಗಾಯ ಮಾಯುವುದಕ್ಕೂ ವಿಷಾಣು ಸಾಯುವುದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಅಪರೂಪಕ್ಕೆ ವರುಷಕ್ಕೂ ಮೇಲ್ಪಟ್ಟು ಅದು ಅಡಗಿರಬಲ್ಲುದು. ನೀರು ಕಂಡು ಗಂಟಲು ಬಿಗಿಯುವ ಲಕ್ಷಣ ತೋರಿದ ಮೇಲೆ ಉಳಿದವರು ಇಲ್ಲವೇ ಇಲ್ಲವೆನ್ನುವಷ್ಟು ವಿರಳ. ಕರ್ನಾಟಕದಲ್ಲಿ 2024ರೊಂದರಲ್ಲೇ ನಾಯಿಕಡಿತದ ಮೂರೂವರೆ ಲಕ್ಷಕ್ಕೂ ಹೆಚ್ಚು ಪ್ರಕರಣಗಳೂ ರೇಬೀಸಿನಿಂದ 42 ಸಾವುಗಳೂ ವರದಿಯಾದವು.

ನಾಯಿ ನೆಕ್ಕಿದರೆ ಗಾಯ ಮಾಯುತ್ತದೆಂಬ ನಂಬಿಕೆಯೂ ಇದರ ಜೊತೆಗೇ ಹೋಗಬೇಕು. ತೆರೆದ ಗಾಯವನ್ನು ಲಸಿಕೆಯಿಲ್ಲದ ನಾಯಿ ನೆಕ್ಕುವುದೂ ಕಚ್ಚುವುದೂ ಅಪಾಯದ ಲೆಕ್ಕದಲ್ಲಿ ಹೆಚ್ಚು ದೂರವಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯ ಮೇಲೆ ಭರವಸೆಯಿಟ್ಟು ಕೈಚಾಚಿದವರ ಅನುಭವ ಬೇರೆಯೇ ಇರುತ್ತದೆ. ಉಣ್ಣುವ ನಾಯಿ, ಮರಿ ಹಾಕಿದ ನಾಯಿ, ಮಲಗಿದ ನಾಯಿ, ಈ ಮೂರನ್ನು ಮುಟ್ಟಬಾರದೆಂದು ಮಗುವಿಗೆ ಕಲಿಸುವುದು ಒಡೆಯನ ಕೆಲಸವೇ.

ಮನುಷ್ಯನಿಗೆ ಚುಚ್ಚುವ ಮೊದಲು ನಾಯಿಗೆ ಚುಚ್ಚುವುದು ಲೇಸು. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ವೈದ್ಯರು ಹೇಳಿದಂತೆ ಮತ್ತೊಂದು, ಅಲ್ಲಿಂದಾಚೆ ವರುಷಕ್ಕೊಂದು. ಲೂಯಿ ಪಾಶ್ಚರನು ತೀರಿಕೊಂಡ ಸೆಪ್ಟೆಂಬರ್ 28ನ್ನು ಜಗತ್ತು ರೇಬೀಸ್ ದಿನವೆಂದು ಆಚರಿಸುತ್ತದೆ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುತ್ತವೆ. ಹಗ್ಗ, ಸರಪಣಿ, ಹಳೆಯ ಸೀರೆಯ ಅಂಚು, ಕೈಗೆ ಸಿಕ್ಕಿದ್ದರಲ್ಲಿ ನಾಯಿಯನ್ನು ಕಟ್ಟಿ ಎಳೆದು ತರುವ ಹುಡುಗರ ಸಾಲು ಅಂದು ನೋಡತಕ್ಕದ್ದು. ಒಡೆಯನ ಹೆಸರು ಬರೆಸಿದ ಮೇಲೆ ನಾಯಿಯ ಹೆಸರು ಕೇಳುತ್ತಾರೆ. ಕೆಲವರು ಅಲ್ಲಿಯೇ ನಿಂತು ಯೋಚಿಸಿ ಹೆಸರಿಡುತ್ತಾರೆ.

ಹಾವೇರಿಗೆ ಬಂದರೆ ನಾಯಿ ಸಾಕುವ ರೀತಿಯೇ ಬೇರೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದಂದಿನಿಂದ ಏಲಕ್ಕಿ ಹಾರದ ಈ ಊರಿಗೆ ಕಚೇರಿಗಳು ಬಂದವು, ಕಚೇರಿಗಳೊಡನೆ ನೌಕರರು, ನೌಕರರೊಡನೆ ಹೊಸ ಬಡಾವಣೆಗಳು. ಚಾಲುಕ್ಯರ ಕಾಲದ ಪುರಸಿದ್ಧೇಶ್ವರನ ಗುಡಿಯ ಅಂಗಳದಲ್ಲಿ ಮಧ್ಯಾಹ್ನದ ನೆರಳಿಗೆ ಮಲಗಿದ ಕಂದು ನಾಯಿಗೆ ಯಾರೂ ಒಡೆಯರಿಲ್ಲ, ಎಲ್ಲರೂ ಒಡೆಯರು. ಬಡಾವಣೆಯ ಕಬ್ಬಿಣದ ಗೇಟಿನ ಹಿಂದೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಒಮ್ಮೊಮ್ಮೆ ಸೈಬೀರಿಯಾದ ಹಸ್ಕಿ. ಹಿಮದಲ್ಲಿ ಬಂಡಿಯೆಳೆಯಲು ಹುಟ್ಟಿದ ಪ್ರಾಣಿಯು 38–40 ಡಿಗ್ರಿ ಮುಟ್ಟುವ ಏಪ್ರಿಲ್ಲಿನಲ್ಲಿ ಎರಡು ಪದರದ ತುಪ್ಪಳ ಹೊತ್ತು ಸಿಮೆಂಟಿನ ಮೇಲೆ ತೇಕುತ್ತ ಮಲಗಿರುವುದನ್ನು ನೋಡಿದರೆ ಒಡೆಯನ ಅಭಿರುಚಿಗಿಂತ ಅವನ ಭೂಗೋಳಜ್ಞಾನದ ಬಗ್ಗೆ ಸಂದೇಹ ಬರುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದರ ಮುಖ್ಯ ಉಪಾಯ. ಬಿಸಿಲೇರಿದ ಡಾಂಬರಿನ ಮೇಲೆ ಅದನ್ನು ನಡೆಸುವವನು ಒಮ್ಮೆ ತನ್ನ ಅಂಗೈಯನ್ನು ರಸ್ತೆಗೆ ಒತ್ತಿ ನೋಡಿದರೆ ಸಾಕು.

ಸಾರು ಅನ್ನದ ಮಾತು ಬೇರೆ. ಉಳಿದದ್ದೆಲ್ಲ ನಾಯಿಗೆ ಎಂಬ ಪದ್ಧತಿಯಲ್ಲಿ ಈರುಳ್ಳಿಯೂ ಹೋಗುತ್ತದೆ. ಬೆಂದದ್ದಾದರೂ ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಸಲ್ಲವು. ಬೇಯಿಸಿದ ಕೋಳಿಯ ಎಲುಬು ಸಿಗುರಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ನುಚ್ಚಿನ ಗಂಜಿಯೊಡನೆ ಒಂದು ಮೊಟ್ಟೆಯಿದ್ದರೆ ಡಬ್ಬಿಯ ಆಹಾರವಿಲ್ಲವೆಂದು ಯಾವ ನಾಯಿಯೂ ಮುನಿಸಿಕೊಳ್ಳುವುದಿಲ್ಲ.

ದೀಪಾವಳಿಯಲ್ಲಿ ಈ ಸೀಮೆಯ ಮಮತೆಯ ಇನ್ನೊಂದು ಮುಖ ಕಾಣುತ್ತದೆ. ಹೋರಿ ಬೆದರಿಸುವ ಹಬ್ಬಕ್ಕೆ ತಿಂಗಳುಗಳ ಮುಂಚಿನಿಂದ ಹೋರಿಗೆ ಹುರುಳಿ, ಹಿಂಡಿ, ಎಣ್ಣೆಯ ಉಪಚಾರ. ಕೊರಳಿಗೆ ಕೊಬ್ಬರಿಯ ಹಾರ, ಕೊಂಬಿಗೆ ಬಣ್ಣದ ಬಲೂನು, ಊರೂರಿಗೆ ಹಬ್ಬಿದ ಹೆಸರು. ಅದೇ ಮನೆಯ ನಾಯಿಯು ಪಟಾಕಿಯ ಸದ್ದಿಗೆ ಬೆದರಿ ಮಂಚದ ಕೆಳಗೆ ನುಗ್ಗುತ್ತದೆ, ಇಲ್ಲವೇ ಹಗ್ಗ ಹರಿದುಕೊಂಡು ಓಡುತ್ತದೆ. ಹಬ್ಬದ ಮರುದಿನ ಹೆದ್ದಾರಿಯ ಅಂಚಿನಲ್ಲಿ ಕಾಣಸಿಗುವ ದೃಶ್ಯವನ್ನು ವರ್ಣಿಸುವ ಅಗತ್ಯವಿಲ್ಲ. ಆ ರಾತ್ರಿ ನಾಯಿಯನ್ನು ಒಳಕೋಣೆಯಲ್ಲಿ ನೀರಿಟ್ಟು ಕೂಡಿಹಾಕುವುದಕ್ಕೆ ಕಾಸಿನ ಖರ್ಚಿಲ್ಲ.

ಹೆಣ್ಣುನಾಯಿಯನ್ನು ಯಾರೂ ಬಯಸುವುದಿಲ್ಲವೆಂಬುದು ಹಾವೇರಿಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸಮಾನವಾದ ಮಾತು. ಹುಟ್ಟಿದ ಮರಿಗಳಲ್ಲಿ ಗಂಡನ್ನು ಆರಿಸಿಕೊಂಡು, ಹೆಣ್ಣನ್ನು ಚೀಲದಲ್ಲಿ ಹಾಕಿ ಮಾರುಕಟ್ಟೆಯ ಹಿಂದೆಯೋ ಬಸ್ ನಿಲ್ದಾಣದ ಬಳಿಯೋ ಬಿಟ್ಟು ಬರುತ್ತಾರೆ. ಬದುಕುಳಿದ ಒಂದು ಹೆಣ್ಣು ವರುಷಕ್ಕೆ ಎರಡು ಸಲ ಮರಿ ಹಾಕಬಲ್ಲುದು, ಅದೂ 63 ದಿನಗಳ ಬಸಿರು. ಅನಂತರ ಬೀದಿನಾಯಿಗಳ ಕಾಟವೆಂದು ನಗರಸಭೆಯ ಮುಂದೆ ಮನವಿಪತ್ರ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸುವ ಹೊಣೆಯನ್ನು 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ ನಿಜ. ಹಾವೇರಿ, ರಾಣೆಬೆನ್ನೂರುಗಳ ನಗರಸಭೆಯಾಗಲಿ, ಬ್ಯಾಡಗಿಯ ಪುರಸಭೆಯಾಗಲಿ ಆ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಆದರೆ ಚೀಲವನ್ನು ಹೊತ್ತು ತಂದವನು ನಗರಸಭೆಯಲ್ಲ.

ಚೀಲದಲ್ಲಿ ಬರುವುದು ಮರಿಗಳು ಮಾತ್ರವೇ ಅಲ್ಲ. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರುಷ. ನೌಕರನ ವರ್ಗಾವಣೆ ಮೂರು ನಾಲ್ಕು ವರುಷಕ್ಕೊಮ್ಮೆ. ಸಾಮಾನಿನ ಲಾರಿಯಲ್ಲಿ ಕಪಾಟು, ಮಂಚ, ತುಳಸಿಯ ಕುಂಡ ಎಲ್ಲಕ್ಕೂ ಜಾಗವಾಗುತ್ತದೆ. ನಾಯಿಯ ಕೊರಳಪಟ್ಟಿ ಬಿಚ್ಚಿ, ಓಣಿಯವರಿಗೆ ಸ್ವಲ್ಪ ಅನ್ನ ಹಾಕುತ್ತಿರಿ ಎಂದು ಹೇಳಿ ಹೊರಡುತ್ತಾರೆ. ಗೇಟಿನ ಹಿಂದೆ ಬೆಳೆದ ನಾಯಿಗೆ ಬೀದಿಯ ಭಾಷೆ ಬಾರದು. ತನ್ನ ಓಣಿಯಲ್ಲಿ ಸಿಂಹವಾಗಿದ್ದದ್ದು ಎರಡೇ ದಿನಗಳಲ್ಲಿ ಬೀದಿಯ ಗುಂಪಿನ ಹಲ್ಲಿಗೆ ಸಿಕ್ಕಿ, ಕಿವಿ ಹರಿದುಕೊಂಡು, ಬೀಗ ಹಾಕಿದ ಅದೇ ಗೇಟಿನ ಮುಂದೆ ಬಂದು ಮಲಗುತ್ತದೆ. ಸ್ಕೂಟರಿನ ಸದ್ದು ಕೇಳಿದರೆ ತಲೆಯೆತ್ತುತ್ತದೆ. ಹೊಸ ಬಾಡಿಗೆದಾರರು ಬಂದಾಗ ಬಾಲವಾಡಿಸಿ ಒಳಗೆ ಹೋಗಲು ನೋಡುತ್ತದೆ, ಅವರು ಕಲ್ಲೆತ್ತಿಕೊಳ್ಳುತ್ತಾರೆ.

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಬಿಡುವುದು ಅಪರಾಧ. ಮೊದಲ ಸಲದ ತಪ್ಪಿಗೆ ಕಾಯಿದೆಯು ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಆ ಹಣಕ್ಕೆ ಬ್ಯಾಡಗಿಯ ಪೇಟೆಯಲ್ಲಿ ಒಂದು ಕಿಲೋ ಒಳ್ಳೆಯ ಡಬ್ಬಿ ಮೆಣಸಿನಕಾಯಿಯೂ ಬಾರದು.

ಕಾಯಿಲೆಯ ನಾಯಿಗೆ, ಕುರಿಗೆ, ಎತ್ತಿಗೆ ಹಳ್ಳಿಯಲ್ಲಿ ವೈದ್ಯರು ಸಿಗದಿದ್ದರೆ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಪಶು ಸಂಜೀವಿನಿಯ ಸಂಚಾರಿ ವಾಹನಕ್ಕೆ ಕರೆ ಅಲ್ಲಿಂದಲೇ ಹೋಗುತ್ತದೆ. ವರ್ಗಾವಣೆಯ ಪತ್ರ ಕೈಗೆ ಬಂದವರು ನಾಯಿಗೆ ಇನ್ನೊಂದು ಮನೆ ಹುಡುಕಲೇಬೇಕಾದರೆ, ಹಾವೇರಿಯ ಸುತ್ತಣ ಹಟ್ಟಿಗಳಲ್ಲೂ ತೋಟದ ಮನೆಗಳಲ್ಲೂ ವಿಚಾರಿಸಬಹುದು. ಲಸಿಕೆಯ ಚೀಟಿಯನ್ನೂ ಅದು ಉಣ್ಣುವ ತಟ್ಟೆಯನ್ನೂ ಜೊತೆಗೆ ಕೊಟ್ಟು, ಲಾರಿ ಬರುವುದಕ್ಕೆ ಒಂದು ವಾರ ಮುಂಚೆಯೇ ಅಲ್ಲಿಗೆ ಬಿಟ್ಟು ಬಂದರೆ, ಹೊಸ ಒಡೆಯನ ದನಿಗೆ ಹೊಂದಿಕೊಳ್ಳಲು ಅದಕ್ಕೆ ಸ್ವಲ್ಪ ದಿನ ಸಿಗುತ್ತದೆ.